ಪಾಳಾದ ಎರಡು ಪೇಟಿಗಳು

ಹುಬ್ಬಳ್ಳಿಯಿಂದ ಶಿರಸಿಗೆ ಹೊರಟ ಬಸ್ಸು ತಡಸವನ್ನು ಹಿಂದಿಕ್ಕಿತೆಂದರೆ ನೆಲದ ಬಣ್ಣ ಮೆಲ್ಲಮೆಲ್ಲನೆ ಬದಲಾಗತೊಡಗುತ್ತದೆ. ಎರೆಯ ಕಪ್ಪು ಸರಿದು ಕೆಮ್ಮಣ್ಣು ತಲೆಯೆತ್ತುತ್ತದೆ. ಹತ್ತಿ, ಗೋವಿನಜೋಳದ ಹೊಲಗಳ ನಡುವೆ ಅಲ್ಲೊಂದು ಭತ್ತದ ಗದ್ದೆ, ಇಲ್ಲೊಂದು ಮಾವಿನ ತೋಪು ಕಾಣಿಸಿಕೊಳ್ಳುತ್ತವೆ. ಆಮೇಲೆ ಸಾಗುವಾನಿಯ ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಮುಂಡಗೋಡದಲ್ಲಿ ಅರ್ಧ ಬಸ್ಸು ಖಾಲಿಯಾಗುತ್ತದೆ. ಉಳಿದವರು ಮಳಗಿಯ ಕಡೆಗೆ ಸಾಗುವಾಗ ನಡುವೆ ಸಿಗುವ ಊರು ಪಾಳಾ. ಇದು ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಅರೆಮಲೆನಾಡು ಎಂಬ ಮಾತು ಇಂಥ ಊರುಗಳಿಗಾಗಿಯೇ ಹುಟ್ಟಿದಂತಿದೆ. ಆಡಳಿತಕ್ಕೆ ಉತ್ತರ ಕನ್ನಡ ಜಿಲ್ಲೆ, ಸಂತೆ-ಪೇಟೆಗೆ ಹುಬ್ಬಳ್ಳಿ ಮತ್ತು ಹಾನಗಲ್ಲು, ಮಾತಿನ ರಾಗಕ್ಕೆ ಧಾರವಾಡ, ಮಳೆಗೆ ಮಾತ್ರ ಶಿರಸಿ.

ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ನೋಡತಕ್ಕ ಸ್ಥಳಗಳೆಲ್ಲ ಸುತ್ತಮುತ್ತ ಇವೆ. ಹಕ್ಕಿಗಳನ್ನು ನೋಡಬೇಕೆಂಬವರು ಅತ್ತಿವೇರಿಗೆ ಹೋಗುತ್ತಾರೆ. ನೀರು ನೋಡಬೇಕೆಂಬವರು ಮಳಗಿಯ ಬಳಿ ಧರ್ಮಾ ನದಿಗೆ ಕಟ್ಟಿದ ಅಣೆಕಟ್ಟಿಗೆ ಹೋಗುತ್ತಾರೆ. ಮಿಕ್ಕವರೆಲ್ಲ ಮುಂಡಗೋಡದ ಟಿಬೆಟನ್ ಕಾಲೊನಿಗೆ. ಆದರೆ ಕಣ್ಣಿಗಿಂತ ಕಿವಿಯನ್ನು ಹೆಚ್ಚಾಗಿ ನಂಬುವ ಪ್ರವಾಸಿ ಯಾರಾದರೂ ಇದ್ದರೆ ಅವನು ಪಾಳಾದಲ್ಲಿಯೇ ಇಳಿಯುವುದು ಲೇಸು. ಏಕೆಂದರೆ ಈ ಊರು ಹಲವು ನಾದಗಳ ಗಡಿಯಲ್ಲಿ ನಿಂತಿದೆ. ಶಿರಸಿಯ ದಿಕ್ಕಿನಿಂದ ಯಕ್ಷಗಾನದ ಚಂಡೆ-ಮದ್ದಳೆ. ಹುಬ್ಬಳ್ಳಿಯ ದಿಕ್ಕಿನಿಂದ ಕಂಪನಿ ನಾಟಕದ ಪೇಟಿ-ತಬಲಾ. ಕಾಡಿನ ಅಂಚಿನ ಸಿದ್ಧಿಯರ ಕೇರಿಗಳಿಂದ ಡಮಾಮಿ. ತಾಂಡಾಗಳಿಂದ ಲಂಬಾಣಿ ಹೆಂಗಸರ ಹಾಡು. ೧೯೬೬ರಲ್ಲಿ ಟಿಬೆಟನ್ನರು ಬಂದು ನೆಲಸಿದ ಮೇಲೆ ಗಾಂದೆನ್, ಡ್ರೆಪುಂಗ್ ವಿಹಾರಗಳ ಉದ್ದನೆಯ ಹಿತ್ತಾಳೆಯ ಕಹಳೆಗಳೂ ಈ ನೆಲದ ನಾದವಾದವು. ಇಷ್ಟು ಸಾಲದೆಂಬಂತೆ ಇನ್ನೊಂದು ನಾದವೂ ಈಚೆಗೆ ಈ ಊರಿಗೆ ಬಂದಿದೆ. ಅದು ಬಂದದ್ದು ಜಪಾನಿನಿಂದ, ಅಂಚೆಯ ಮೂಲಕ, ರಟ್ಟಿನ ಪೆಟ್ಟಿಗೆಯಲ್ಲಿ.

ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ. ಅಲ್ಲಿಯ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಒಂದು ಕಾಲದಲ್ಲಿ ಅವರು ಸುತ್ತಿನ ಹತ್ತಾರು ಹಳ್ಳಿಗಳಿಗೆ ಪೇಟಿ ಮಾಸ್ತರರಾಗಿದ್ದರು. ಈ ಭಾಗದ ಜನ ಹಾರ್ಮೋನಿಯಮ್ಮನ್ನು ಪೇಟಿ ಎಂದೇ ಕರೆಯುತ್ತಾರೆ. ಪೇಟಿಯೆಂದರೆ ಪೆಟ್ಟಿಗೆ, ಅಷ್ಟೆ. ವಾದ್ಯಕ್ಕೆ ಇದಕ್ಕಿಂತ ವಿನಯದ ಹೆಸರು ಇರಲಾರದು. ಜಾತ್ರೆಗೆ ತಿಂಗಳೆರಡು ತಿಂಗಳಿರುವಾಗ ಊರಿನ ತರುಣರು ನಾಟಕ ಆಡುವುದೆಂದು ನಿಶ್ಚಯಿಸಿದರೆ ಮೊದಲು ಗೊತ್ತುಮಾಡುತ್ತಿದ್ದುದು ಪೇಟಿ ಮಾಸ್ತರರನ್ನು. ಅವರು ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ರಾತ್ರಿ ತಾಲೀಮು ನಡೆಸಬೇಕು. ಎತ್ತು ಹೊಡೆಯುವವನಿಂದ ರಂಗಗೀತೆ ಹಾಡಿಸಬೇಕು. ಹೆಣ್ಣುಪಾತ್ರಕ್ಕೆ ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಬರುವ ಕಲಾವಿದೆ ಕೊನೆಯ ಗಳಿಗೆಯಲ್ಲಿ ಬಂದಿಳಿದು, ತಾಲೀಮಿಲ್ಲದೆಯೇ ರಂಗಕ್ಕೇರಿದಾಗ ಅವಳ ಶ್ರುತಿ ಯಾವುದೆಂದು ಮೊದಲ ಸಾಲಿನಲ್ಲಿಯೇ ಹಿಡಿಯಬೇಕು. ಕರಿ ಎರಡೋ, ಬಿಳಿ ನಾಲ್ಕೋ ಎಂದು ಕೇಳುವಷ್ಟು ಪುರಸತ್ತು ಅಲ್ಲಿ ಇರುತ್ತಿರಲಿಲ್ಲ.

ಈ ವಾದ್ಯದ ಚರಿತ್ರೆ ವಿಚಿತ್ರವಾದುದು. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬಾಂ ಎಂಬಾತ ೧೮೪೦ರ ದಶಕದ ಆರಂಭದಲ್ಲಿ ಅದಕ್ಕೆ ಹೆಸರಿಟ್ಟು ಹಕ್ಕು ಪಡೆದ. ಕಾಲಿನಿಂದ ತುಳಿಯುವ ಆ ದೊಡ್ಡ ಪೆಟ್ಟಿಗೆಯನ್ನು ಕಲಕತ್ತೆಯ ದ್ವಾರಕಾನಾಥ ಘೋಷರು ೧೮೭೫ರ ಸುಮಾರಿಗೆ ನೆಲದ ಮೇಲೆ ಕುಳಿತು ಎಡಗೈಯಿಂದ ತಿದಿ ಒತ್ತಿ ಬಲಗೈಯಿಂದ ನುಡಿಸುವ ಹಾಗೆ ಮಾರ್ಪಡಿಸಿದರು. ನಾಟಕ ಕಂಪನಿಗಳು ಅದನ್ನು ಎತ್ತಿಕೊಂಡವು, ಸಭೆಗಳು ಒಪ್ಪಿಕೊಂಡವು. ಆದರೆ ಆಕಾಶವಾಣಿ ಮಾತ್ರ ೧೯೪೦ರ ಮಾರ್ಚ್ ೧ರಿಂದ ಪೇಟಿಯನ್ನು ಹೊರಗಿಟ್ಟಿತು. ಪಟ್ಟಿಯಿಂದ ಪಟ್ಟಿಗೆ ಹಾರುವುದಲ್ಲದೆ ಸ್ವರದಿಂದ ಸ್ವರಕ್ಕೆ ಜಾರಲು ಅದಕ್ಕೆ ಬಾರದು, ಮೀಂಡಿಲ್ಲದ ವಾದ್ಯಕ್ಕೆ ನಮ್ಮ ಸಂಗೀತದಲ್ಲಿ ಸ್ಥಾನವಿಲ್ಲ ಎಂಬುದು ಮುಖ್ಯ ಆಕ್ಷೇಪ. ಆದುದರಿಂದ ೧೯೫೦ರ ಜನವರಿ ೮ರಂದು ಧಾರವಾಡ ನಿಲಯ ಪ್ರಾರಂಭವಾದಾಗಲೂ ಪೇಟಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಿಷೇಧ ಸಡಿಲವಾದದ್ದು ೧೯೭೧ರಲ್ಲಿ. ಅಷ್ಟರೊಳಗೆ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು (೧೯೧೭–೨೦೧೦) ಪೇಟಿಯ ಮೇಲೆ ರಾಗವನ್ನು ಹೇಗೆ ಬೆಳಸಬಹುದೆಂದು ತೋರಿಸಿಕೊಟ್ಟಿದ್ದರು. ಪಾಳಾದ ಮಾಸ್ತರರಿಗೆ ಆ ವಿದ್ವತ್ತಿನ ಹಮ್ಮೇನೂ ಇರಲಿಲ್ಲ. ಆದರೆ ‘ಪೇಟಿಗೆ ಜಾರಾಕ ಬರೂದಿಲ್ಲ’ ಎಂಬ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಅವರ ಪೇಟಿ ಈಗ ಅಟ್ಟದ ಮೇಲಿದೆ. ಅರೆಮಲೆನಾಡಿನ ಮಳೆಗಾಲ ಪೇಟಿಗೆ ಹಿತವಲ್ಲ. ಮರ ಉಬ್ಬುತ್ತದೆ, ಪಟ್ಟಿಗಳು ಕಚ್ಚಿಕೊಳ್ಳುತ್ತವೆ, ಹಿತ್ತಾಳೆಯ ರೀಡುಗಳ ಮೇಲೆ ಹಸಿರು ಕೂಡುತ್ತದೆ. ಒಂದು ವರ್ಷ ಇಲಿಗಳು ತಿದಿಯನ್ನೇ ಕಡಿದುಹಾಕಿದುವು. ಹುಬ್ಬಳ್ಳಿಗೆ ಒಯ್ದು ರಿಪೇರಿ ಮಾಡಿಸೋಣವೆಂದು ಮನೆಯವರು ಅಂದದ್ದುಂಟು. ಆದರೆ ಆ ಹೊತ್ತಿಗೆ ಊರಿನ ನಾಟಕಕ್ಕೇ ಪೇಟಿ ಬೇಡವಾಗಿತ್ತು. ಮುಂಬಯಿ, ಹುಬ್ಬಳ್ಳಿಗಳಿಂದ ಎಲೆಕ್ಟ್ರಾನಿಕ್ ಕೀಬೋರ್ಡುಗಳು ಬಂದಿದ್ದವು. ಯಾವ ಕಂಪನಿಯದಾದರೂ ಹಳ್ಳಿಯವರ ಬಾಯಲ್ಲಿ ಅದು ‘ಕ್ಯಾಸಿಯೋ’. ಅದರ ಜೊತೆಗೆ ತಬಲದ ಬದಲು ಕೋಲಿನಿಂದ ಬಡಿಯುವ ‘ರಿದಂ ಪ್ಯಾಡ್’. ಖಳನಾಯಕ ಬಂದರೆ ಗುಡುಗು, ನಾಯಕಿ ಬಂದರೆ ಕೊಳಲು, ಹಾಸ್ಯಗಾರ ಬಿದ್ದರೆ ತಮಟೆಯ ಏಟು. ಎಲ್ಲವೂ ಒಂದು ಗುಂಡಿಯೊತ್ತಿದರೆ ಸಿದ್ಧ. ಮಾಸ್ತರರು ಮೊದಲೆರಡು ವರ್ಷ ಗೊಣಗಿ, ಆಮೇಲೆ ಜಾತ್ರೆಯ ರಾತ್ರಿ ಬೇಗ ಮಲಗುವ ಅಭ್ಯಾಸ ಮಾಡಿಕೊಂಡರು.

ಎರಡನೆಯ ಪೇಟಿ ಅವರ ಮಗನದು. ಬೆಂಗಳೂರಿನಲ್ಲಿ ಎಂಜಿನಿಯರು, ಐವತ್ತರ ಹತ್ತಿರದ ವಯಸ್ಸು. ಆತ ೧೯೯೦ರ ದಶಕದ ಆರಂಭದಲ್ಲಿ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗ ಸಂಜೆ ಒಂದು ಕಂಪ್ಯೂಟರ್ ತರಬೇತಿಯ ತರಗತಿಗೆ ಹೋಗುತ್ತಿದ್ದ. ಪಾಠ ಮುಗಿದ ಮೇಲೆ ಮೇಲ್ವಿಚಾರಕರ ಕಣ್ಣು ತಪ್ಪಿಸಿ ಹುಡುಗರು ಆಟವಾಡುತ್ತಿದ್ದರು. ಆಗ ಆ ಯಂತ್ರದೊಳಗಿನ ಪುಟ್ಟ ಸ್ಪೀಕರು ಕಪ್ಪೆಮರಿಯಂತೆ ಕೀಚುಗುಡುತ್ತಿತ್ತು. ಅದರಲ್ಲಿ ಒಂದು ಕಡಲುಗಳ್ಳರ ಕಥೆಯ ಆಟ, ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’, ೧೯೯೦ರಲ್ಲಿ ಹೊರಬಂದುದು. ಅದರ ಸಂಗೀತಗಾರ ಮೈಕೆಲ್ ಲ್ಯಾಂಡ್. ಕೆಲವು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಸ್ನೇಹಿತನೊಬ್ಬನ ಮನೆಯಲ್ಲಿ ಅದೇ ಆಟದ ಅದೇ ಧಾಟಿಯನ್ನು ಆತ ಮತ್ತೊಮ್ಮೆ ಕೇಳಿದ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ಕಪ್ಪು ಪೆಟ್ಟಿಗೆಯಿತ್ತು. ಅದರಿಂದ ಒಂದು ತಂತಿ ಹೊರಟು ಸ್ಪೀಕರನ್ನು ಸೇರಿತ್ತು. ಕಪ್ಪೆಮರಿಯ ಕೀಚಲು ಇದ್ದಲ್ಲಿ ತಾಳವಾದ್ಯ, ತಂತಿವಾದ್ಯ, ಕೊಳಲು ಎಲ್ಲವೂ ಕೂಡಿದ ಒಂದು ಮೇಳವೇ ಎದ್ದು ನಿಂತಿತು. ಆಟ ಬದಲಾಗಿರಲಿಲ್ಲ, ಧಾಟಿಯ ಒಂದು ಸ್ವರವೂ ಬದಲಾಗಿರಲಿಲ್ಲ, ಪೆಟ್ಟಿಗೆ ಬದಲಾಗಿತ್ತು. ಆ ಸಂಜೆಯನ್ನು ಆತ ಮರೆಯಲಿಲ್ಲ.

ಇಲ್ಲಿ ವಾಚಕರಿಗೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕಾಗುತ್ತದೆ. ಆ ಕಾಲದ ಆಟಗಳಲ್ಲಿ ಸಂಗೀತವನ್ನು ಧ್ವನಿಮುದ್ರಿಸಿ ಇಡುತ್ತಿರಲಿಲ್ಲ. ಇಡುವುದು ಸಾಧ್ಯವೂ ಇರಲಿಲ್ಲ. ಆಗಿನ ಒಂದು ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದು ೧.೪೪ ಮೆಗಾಬೈಟು, ಕಾಂಪ್ಯಾಕ್ಟ್ ಡಿಸ್ಕಿನ ಗುಣಮಟ್ಟದ ಧ್ವನಿಯನ್ನು ಅದರಲ್ಲಿ ತುಂಬಿದರೆ ಎಂಟು ಸೆಕೆಂಡಿಗೆ ಜಾಗ ಮುಗಿಯುತ್ತದೆ. ಆದುದರಿಂದ ಅವರು ಧ್ವನಿಯನ್ನಲ್ಲ, ಧ್ವನಿಗೆ ಬೇಕಾದ ಆಜ್ಞೆಗಳನ್ನು ಬರೆದಿಡುತ್ತಿದ್ದರು: ಇಂಥ ವಾದ್ಯ, ಇಂಥ ಸ್ವರ, ಇಷ್ಟು ಬಲ, ಈಗ ಆರಂಭ, ಈಗ ಮುಕ್ತಾಯ. ಯಕ್ಷಗಾನದ ಪ್ರಸಂಗದ ಪುಸ್ತಕದಲ್ಲಿ ಪದ್ಯವಿರುತ್ತದೆ, ಮೇಲೆ ರಾಗ-ತಾಳಗಳ ಹೆಸರಿರುತ್ತದೆ. ಚಂಡೆಯ ನುಡಿತವಾಗಲಿ ಭಾಗವತರ ಕಂಠವಾಗಲಿ ಪುಸ್ತಕದಲ್ಲಿರುವುದಿಲ್ಲವಷ್ಟೆ. ಇದೂ ಹಾಗೆಯೇ.

ಈ ಆಜ್ಞೆಗಳ ಭಾಷೆಗೆ ಮಿಡಿ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ವಿದ್ಯುದ್ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಒದ್ದಾಡುತ್ತಿದ್ದ ಕಾಲದಲ್ಲಿ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ ಇದಕ್ಕೆ ಮುಂದಾದರು. ೧೯೮೩ರ ಜನವರಿಯಲ್ಲಿ, ಅಮೆರಿಕದಲ್ಲಿ ನಡೆದ ವಾದ್ಯಗಳ ಒಂದು ಪ್ರದರ್ಶನದಲ್ಲಿ, ಎರಡು ಪ್ರತಿಸ್ಪರ್ಧಿ ಕಂಪನಿಗಳ ವಾದ್ಯಗಳನ್ನು ಒಂದು ತಂತಿಯಿಂದ ಕೂಡಿಸಿ ತೋರಿಸಲಾಯಿತು. ಐದು ಮುಳ್ಳಿನ ಒಂದು ಪ್ಲಗ್ಗು; ಹದಿನಾರು ವಾದ್ಯಗಳಿಗೆ ಹದಿನಾರು ದಾರಿ. ಒಂದು ಸ್ವರದ ಆಜ್ಞೆ ತಲಪಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಇಬ್ಬರಿಗೂ ೨೦೧೩ರಲ್ಲಿ ಇದಕ್ಕಾಗಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಕಾಕೆಹಾಶಿ ೨೦೧೭ರಲ್ಲಿಯೂ ಸ್ಮಿತ್ ೨೦೨೨ರಲ್ಲಿಯೂ ತೀರಿಕೊಂಡರು. ಅವರ ಭಾಷೆ ಇಂದಿಗೂ ಬದುಕಿದೆ.

ಮಗ ಮನೆಗೆ ಬಂದು ‘ಮಿಡಿ’ ಎಂದಾಗ ಹಿರಿಯರಿಗೆ ನೆನಪಾದದ್ದು ಶಿರಸಿಯ ಅಪ್ಪೆಮಿಡಿ.

“ಮಿಡಿ ಅಂದ್ರ ಉಪ್ಪಿನಕಾಯಿದೇನೋ ತಮ್ಮಾ?”

“ಅಲ್ಲಪ್ಪಾ, ತಂತಿ ಮಿಡಿಯೂದು ಅನ್ಕೋರಿ ಬೇಕಾದ್ರ. ಇದು ವಾದ್ಯಕ್ಕ ಹುಕುಂ ಕೊಡೂ ಭಾಷಾ.”

ಈ ಹುಕುಂಗಳನ್ನು ಕೇಳಿ ನಡೆಸುವ ಆಳು ಎಲ್ಲ ಮನೆಗಳಲ್ಲಿ ಒಬ್ಬನೇ ಆಗಿರಲಿಲ್ಲ ಎಂಬುದರಲ್ಲಿಯೇ ಈ ಕಥೆಯ ಸ್ವಾರಸ್ಯವಿದೆ. ಕಡಮೆ ಬೆಲೆಗೆ ಸಿಗುತ್ತಿದ್ದುದು ಕೆನಡಾದ ಆ್ಯಡ್‌ಲಿಬ್ (೧೯೮೭), ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ (೧೯೮೯) ಎಂಬ ಕಾರ್ಡುಗಳು. ಇವುಗಳಲ್ಲಿ ಯಮಾಹಾದ ಒಂದು ಚಿಪ್ಪು. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ನಡುಗಿಸಿ ನಾದ ಹುಟ್ಟಿಸುವ ಈ ಉಪಾಯ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಕಂಡುಹಿಡಿದದ್ದು. ಒಮ್ಮೆಗೆ ಒಂಬತ್ತು ಸ್ವರ. ಎಲ್ಲದಕ್ಕೂ ಸ್ವಲ್ಪ ತಗಡಿನ ಕಂಠ. ಶ್ರೀಮಂತರ ಮನೆಯಲ್ಲಿ ರೋಲ್ಯಾಂಡಿನ ಎಂಟಿ-೩೨ (೧೯೮೭) ಇರುತ್ತಿತ್ತು. ‘ಕಿಂಗ್ಸ್ ಕ್ವೆಸ್ಟ್’ ಮಾಲೆಯ ನಾಲ್ಕನೆಯ ಆಟ ೧೯೮೮ರಲ್ಲಿ ಅದಕ್ಕೆಂದೇ ಸಂಗೀತ ಕಟ್ಟಿಸಿಕೊಂಡು ಹೊರಬಂದಿತು. ಮುಂದೆ ೧೯೯೧ರಲ್ಲಿ ಎಲ್ಲ ಕಂಪನಿಗಳಿಗೂ ಸಮಾನವಾದ ೧೨೮ ವಾದ್ಯಗಳ ಒಂದು ಪಟ್ಟಿ ಸಿದ್ಧವಾಯಿತು. ಕನಿಷ್ಠ ೨೪ ಸ್ವರಗಳು ಒಮ್ಮೆಗೆ ನುಡಿಯಬೇಕು, ಹತ್ತನೆಯ ದಾರಿ ತಾಳವಾದ್ಯಗಳಿಗೆ ಮೀಸಲು ಎಂಬ ನಿಯಮವಾಯಿತು. ಅದೇ ವರ್ಷ ರೋಲ್ಯಾಂಡಿನ ‘ಸೌಂಡ್ ಕ್ಯಾನ್ವಾಸ್’ ಎಸ್‌ಸಿ-೫೫ ಬಂದಿತು. ಅದರೊಳಗೆ ನಿಜವಾದ ವಾದ್ಯಗಳ ತುಣುಕು ಧ್ವನಿಗಳು ಚಿಪ್ಪಿನಲ್ಲಿ ಅಡಗಿದ್ದವು. ೧೯೯೩ರ ‘ಡೂಮ್’ ಆಟದ ಸಂಗೀತವನ್ನು ಆ ಪೆಟ್ಟಿಗೆಯಲ್ಲಿ ಕೇಳಿದವರು ಬೇರೆ ಯಾವುದರಲ್ಲಿಯೂ ಕೇಳಲು ಒಪ್ಪುವುದಿಲ್ಲ.

೧೨೮ರ ಆ ಪಟ್ಟಿಯನ್ನು ಒಮ್ಮೆ ಓದಿ ನೋಡುವುದು ಒಳ್ಳೆಯ ವಿನೋದ. ಒಂದನೆಯದು ಪಿಯಾನೋ. ೧೦೫ನೆಯದು ನಮ್ಮ ಸಿತಾರ, ೧೧೨ನೆಯದು ಶಹನಾಯಿ. ಭಾರತದ ಪಾಲಿಗೆ ಇವೆರಡೇ. ಮೃದಂಗವಿಲ್ಲ, ವೀಣೆಯಿಲ್ಲ, ಚಂಡೆಯಂತೂ ಕೇಳುವುದೇ ಬೇಡ. ೧೨೩ ಕಡಲಿನ ಮೊರೆತ, ೧೨೪ ಹಕ್ಕಿಯ ಚಿಲಿಪಿಲಿ, ೧೨೭ ಚಪ್ಪಾಳೆ. ಅತ್ತಿವೇರಿಯ ಹಕ್ಕಿಗಳನ್ನು ಕೇಳಿ ಬೆಳೆದವರಿಗೆ ೧೨೪ರ ಹಕ್ಕಿ ನಗು ಬರಿಸುತ್ತದೆ. ೨೧ನೆಯದು ರೀಡಿನ ಆರ್ಗನ್, ಎಂದರೆ ನಮ್ಮ ಪೇಟಿಯ ಹತ್ತಿರದ ನೆಂಟ. ಅನೇಕ ಕೀಬೋರ್ಡುಗಳೂ ಇದೇ ಪಟ್ಟಿಯನ್ನು ಪಾಲಿಸಿದುವು. ಈ ಶತಮಾನದ ಆರಂಭದಲ್ಲಿ ಮೊಬೈಲು ಫೋನುಗಳು ಹಲವು ಸ್ವರಗಳ ಮೇಳದಲ್ಲಿ ಕರೆಯತೊಡಗಿದಾಗ ಅದರ ಹಿಂದೆಯೂ ಈ ಭಾಷೆಯೇ ಇದ್ದಿತು. ಹುಬ್ಬಳ್ಳಿಯ ಬಸ್ಸಿನಲ್ಲಿ ಜೇಬುಗಳಿಂದ ಕೇಳಿಬಂದ ಪುಟ್ಟ ವಾದ್ಯಗೋಷ್ಠಿಗಳನ್ನು ಯಾರು ಮರೆತಾರು?

ಈಗ ಇದೆಲ್ಲ ಹಳೆಯದಾಯಿತು. ಕಾಂಪ್ಯಾಕ್ಟ್ ಡಿಸ್ಕು ಬಂದ ಮೇಲೆ ಆಟಗಳು ಧ್ವನಿಮುದ್ರಿತ ಸಂಗೀತವನ್ನೇ ಹಾಕಿಕೊಂಡವು. ೧೯೯೬ರ ‘ಕ್ವೇಕ್’ ಹಾಗೆ ಬಂದಿತು. ಪೆಟ್ಟಿಗೆಗಳು ಕಪಾಟು ಸೇರಿದುವು. ಅವುಗಳ ಧ್ವನಿಯನ್ನು ಅನುಕರಿಸುವ ತಂತ್ರಾಂಶಗಳು ಇಂದು ಧರ್ಮಕ್ಕೆ ಸಿಗುತ್ತವೆ. ವಿಂಡೋಸಿನೊಳಗೂ ರೋಲ್ಯಾಂಡ್ ಸ್ವರಗಳ ಒಂದು ಚಿಕ್ಕ ರೂಪ ಕುಳಿತಿದೆ. ಹಾಗಿದ್ದೂ ಜಗತ್ತಿನ ಹಲವೆಡೆ ನಡುವಯಸ್ಸಿನವರು ಮೂವತ್ತು ವರ್ಷದ ಹಳೆಯ ಪೆಟ್ಟಿಗೆಗಳನ್ನು ಹುಡುಕಿ ಕೊಳ್ಳುತ್ತಾರೆ, ಸೋರುವ ಕೆಪಾಸಿಟರುಗಳನ್ನು ಬದಲಿಸುತ್ತಾರೆ. ಇದು ಕೇವಲ ಬಾಲ್ಯದ ಹಂಬಲವೆಂದು ತಳ್ಳಿಹಾಕುವುದು ಸುಲಭ. ಹಂಬಲವಿದೆ, ಇಲ್ಲವೆನ್ನಲಾಗದು. ಆದರೆ ಬರೆದಿಟ್ಟ ಸಂಗೀತಕ್ಕೆ ಒಂದು ಗುಣವಿತ್ತು, ಅದು ಮುದ್ರಿಸಿಟ್ಟ ಸಂಗೀತಕ್ಕೆ ಸುಲಭವಾಗಿ ದಕ್ಕಲಿಲ್ಲ. ಅದು ಕಾಯಬಲ್ಲದಾಗಿತ್ತು.

೧೯೯೧ರಲ್ಲಿ ‘ಮಂಕಿ ಐಲೆಂಡ್’ನ ಎರಡನೆಯ ಭಾಗ ಬಂದಾಗ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇಬ್ಬರೂ ಕೂಡಿ ಐಮ್ಯೂಸ್ ಎಂಬ ವ್ಯವಸ್ಥೆಯೊಂದನ್ನು ಅದರಲ್ಲಿ ಅಳವಡಿಸಿದರು. ಆಟದಲ್ಲಿ ವುಡ್‌ಟಿಕ್ ಎಂಬ ಊರಿದೆ. ಆಟಗಾರ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ನಡೆದರೆ ಹಿನ್ನೆಲೆಯ ಧಾಟಿ ತಟ್ಟನೆ ಕತ್ತರಿಸಿಹೋಗುವುದಿಲ್ಲ. ಸಾಲು ಮುಗಿಯುವವರೆಗೆ ನಿಂತು, ಒಂದು ಪುಟ್ಟ ತಿರುವು ತೆಗೆದುಕೊಂಡು, ಆ ಅಂಗಡಿಯ ವಾದ್ಯಕ್ಕೆ ಹೊರಳುತ್ತದೆ. ಆಟಗಾರ ಹೊಸ್ತಿಲಲ್ಲಿಯೇ ನಿಂತುಬಿಟ್ಟರೆ ಸಂಗೀತವೂ ಅವನೊಂದಿಗೆ ಸುತ್ತು ಹಾಕುತ್ತ ನಿಲ್ಲುತ್ತದೆ. ಅಲ್ಲಿರುವುದು ಆಜ್ಞೆಗಳು ಮಾತ್ರವಾದ್ದರಿಂದ ಯಾವ ಗಳಿಗೆಯಲ್ಲಿಯೂ ಅವನ್ನು ತಿರುಗಿಸಬಹುದು, ತಡೆಯಬಹುದು.

ಇದನ್ನು ಮಗ ವಿವರಿಸಿದಾಗ ಹಿರಿಯರು ಅಚ್ಚರಿಪಡಲಿಲ್ಲ.

“ಇದರಾಗೇನೈತಿ? ನಟ ಪರದೇ ಹಿಂದ ಮೀಸಿ ಹುಡುಕ್ಕೋತ ನಿಂತಿದ್ರ ನಾವೇನ್ ಮಾಡ್ತಿದ್ವಿ? ಅವ ಬರೂತನಕಾ ಅದೇ ಸಾಲು ತಿರುಗಿಸ್ತಿದ್ವಿ. ಬಂದಾ ಅಂದ ಕೂಡ್ಲೇ ಸಮಕ್ಕ ತಂದು ಬಿಡೂದು.”

ನಿಜ. ಪೇಟಿ ಮಾಸ್ತರನೂ ಭಾಗವತನೂ ರಂಗಸ್ಥಳದ ಮೇಲೆ ಕಣ್ಣಿಟ್ಟು ಮಾಡುತ್ತಿದ್ದ ಕೆಲಸವನ್ನೇ ಆ ಇಬ್ಬರು ಅಮೆರಿಕನ್ನರು ಯಂತ್ರಕ್ಕೆ ಕಲಿಸಿದ್ದರು. ಮಗನ ಪ್ರೀತಿಗೆ ಮೂಲವೆಲ್ಲಿ ಎಂಬುದು ಬಹುಶಃ ಅಂದು ಇಬ್ಬರಿಗೂ ಹೊಳೆದಿರಬೇಕು. ಬಾಯಿಬಿಟ್ಟು ಯಾರೂ ಆಡಲಿಲ್ಲ.

ಎಸ್‌ಸಿ-೫೫ ಪೆಟ್ಟಿಗೆ ಪಾಳಾಕ್ಕೆ ಬಂದುದು ಒಂದು ದೀಪಾವಳಿಯಲ್ಲಿ. ಜಪಾನಿನ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿಂದ ತರಿಸಿದ್ದು. ರಜೆಗೆ ಬರುವಾಗ ಮಗ ಬಟ್ಟೆಗಳ ನಡುವೆ ಸುತ್ತಿ ತಂದಿದ್ದ. ಉತ್ಸಾಹದಲ್ಲಿ ಒಂದು ಮಾತು ಮರೆತುಹೋಯಿತು. ಜಪಾನಿನ ಮನೆಗಳ ವಿದ್ಯುತ್ತು ೧೦೦ ವೋಲ್ಟು, ನಮ್ಮದು ೨೩೦. ಅದರ ಜೊತೆಗೆ ಬಂದಿದ್ದ ಅಡಾಪ್ಟರನ್ನು ಗೋಡೆಗೆ ಚುಚ್ಚಿದ ಕ್ಷಣವೇ ಸುಟ್ಟ ವಾಸನೆ ಎದ್ದಿತು. ಎಂಜಿನಿಯರಾದ ಮಗನ ಮುಖ ನೋಡತಕ್ಕಂತಿದ್ದಿತು. ಮರುದಿನ ಹುಬ್ಬಳ್ಳಿಯ ರೇಡಿಯೋ ರಿಪೇರಿಯವರೊಬ್ಬರು ಪೆಟ್ಟಿಗೆಯನ್ನು ಬಿಚ್ಚಿ ನೋಡಿ, ಸುಟ್ಟದ್ದು ಅಡಾಪ್ಟರು ಮಾತ್ರವೆಂದು ಅಭಯವಿತ್ತರು. ಒಂಬತ್ತು ವೋಲ್ಟಿನ ಬೇರೊಂದನ್ನು ಕೊಡುವ ಮೊದಲು ಮೀಟರು ಹಚ್ಚಿ ತಲೆಯಾಡಿಸಿದರು: ಸಾಮಾನ್ಯವಾದ ಪ್ಲಗ್ಗಿನಲ್ಲಿ ಧನ ನಡುವಿಗಿರುತ್ತದೆ, ರೋಲ್ಯಾಂಡಿನವರದು ಋಣ ನಡುವಿಗೆ. ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರು. ಸಂಜೆಗೆ ಪಾಳಾದ ಪಡಸಾಲೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಪರದೆ ಬೆಳಗಿತು. ಅದರಲ್ಲಿ ಹದಿನಾರು ದಾರಿಗಳಿಗೆ ಹದಿನಾರು ಕಂಬಗಳು, ಸ್ವರಕ್ಕೆ ತಕ್ಕಂತೆ ಏಳುತ್ತ ಬೀಳುತ್ತ. ಮನೆಯ ಹೆಣ್ಣುಮಕ್ಕಳು ಆಕಾಶಬುಟ್ಟಿ ಕಟ್ಟುವುದನ್ನು ಬಿಟ್ಟು ನೋಡಲು ಬಂದರು.

ಆದರೆ ಮಗ ಅದನ್ನು ಊರಿಗೆ ತಂದದ್ದು ಆಟದ ಸಂಗೀತ ಕೇಳಿಸುವುದಕ್ಕಲ್ಲ. ಹಿರಿಯರ ನೆನಪಿನಲ್ಲಿ ಅರವತ್ತು ವರ್ಷದ ರಂಗಗೀತೆಗಳ ಧಾಟಿಗಳಿದ್ದವು. ಮಾತುಗಳು ಕೈಬರಹದ ವಹಿಗಳಲ್ಲಿ ಅಲ್ಲಲ್ಲಿ ಉಳಿದಿವೆ. ಧಾಟಿಗಳು ಎಲ್ಲಿಯೂ ಇಲ್ಲ. ಹಾಡುವ ಕಂಠ ಒಡೆದಿದೆ, ಅಟ್ಟದ ಮೇಲಿನ ಪೇಟಿ ಉಸಿರು ಬಿಟ್ಟಿದೆ. ಬೆರಳುಗಳು ಇನ್ನೂ ನಡೆಯುತ್ತವೆ, ಎಷ್ಟು ದಿನವೋ ತಿಳಿಯದು. ಮಿಡಿಯಲ್ಲಿ ಬರೆದಿಟ್ಟರೆ ಬೆರಳಿನ ಪ್ರತಿಯೊಂದು ನಡೆಯೂ ಉಳಿಯುತ್ತದೆ. ಒಂದು ಧಾಟಿಗೆ ಬೇಕಾಗುವ ಜಾಗ ಒಂದು ಸಣ್ಣ ಚಿತ್ರಕ್ಕಿಂತ ಕಡಮೆ.

ಮಗ ಬೆಂಗಳೂರಿನಿಂದ ತಂದಿದ್ದ ಕೀಬೋರ್ಡನ್ನು ಐದು ಮುಳ್ಳಿನ ತಂತಿಯಿಂದ ಪೆಟ್ಟಿಗೆಗೆ ಕೂಡಿಸಿ, ೨೧ನೆಯ ವಾದ್ಯವನ್ನು ಆರಿಸಿ, ಹಿರಿಯರ ಮುಂದೆ ಇಟ್ಟ. ಅವರು ಕೈ ಮುಗಿದು, ಎರಡು ಪಟ್ಟಿ ಮುಟ್ಟಿ ನೋಡಿ, ನುಡಿಸತೊಡಗಿದರು. ಬಲಗೈ ಧಾಟಿಯನ್ನು ಹಿಡಿಯಿತು. ಎಡಗೈ ಮಾತ್ರ ಕೀಬೋರ್ಡಿನ ಹಿಂದೆ ಏನೂ ಇಲ್ಲದ ಜಾಗದಲ್ಲಿ ಹಿಂದೆ-ಮುಂದೆ, ಹಿಂದೆ-ಮುಂದೆ ಆಡುತ್ತಿತ್ತು. ಅಲ್ಲಿ ತಿದಿಯಿಲ್ಲವೆಂಬುದು ಆ ಕೈಗೆ ಯಾರೂ ತಿಳಿಸಿರಲಿಲ್ಲ. ನೋಡುತ್ತಿದ್ದವರು ಸುಮ್ಮನಾದರು.

ನಾಲ್ಕು ಸಾಲು ನುಡಿಸಿ ಅವರು ಕೈ ತೆಗೆದರು.

“ಸ್ವರ ಬರತಾವ. ದಮ್ ಇಲ್ಲ. ಗಟ್ಟಿ ಒತ್ತಿದ್ರೂ ಅಷ್ಟ, ಮೆತ್ತಗ ಒತ್ತಿದ್ರೂ ಅಷ್ಟ.”

ಅವರು ಹೇಳಿದುದು ಸರಿಯಾಗಿತ್ತು. ಪೇಟಿಯಲ್ಲಿ ಸ್ವರದ ಜೀವವಿರುವುದು ಗಾಳಿಯ ಒತ್ತಡದಲ್ಲಿ. ಮಿಡಿಯಲ್ಲಿ ಇದಕ್ಕೆ ಬೇರೊಂದು ಆಜ್ಞೆಯುಂಟು, ಅದರ ಸಂಖ್ಯೆ ೧೧. ನುಡಿಯುತ್ತಿರುವ ಸ್ವರವನ್ನು ನಡುವೆಯೇ ಉಬ್ಬಿಸಬಹುದು, ತಗ್ಗಿಸಬಹುದು. ಅದನ್ನು ಕಾಲಿನ ಒಂದು ಪೆಡಲಿಗೆ ಜೋಡಿಸಬಹುದು. ಮಗ ಹಾಗೆ ಜೋಡಿಸಿದ. ತರುಣರಾಗಿದ್ದಾಗ ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕಿದ್ದ ಕಂಪನಿಯೊಂದರಲ್ಲಿ ಹಿರಿಯರು ಕೆಲವು ಕಾಲ ಕಾಲಿನ ಪೇಟಿ ನುಡಿಸಿದ್ದರು. ಎರಡೂ ಪಾದಗಳಿಂದ ಒಂದಾದಮೇಲೊಂದು ತುಳಿಯುವಂಥದು. ಪೆಡಲಿನ ಮೇಲೆ ಬಲಪಾದವಿಟ್ಟೊಡನೆ ಎಡಪಾದವೂ ಎದ್ದು ಬರಿಯ ನೆಲವನ್ನು ತುಳಿಯತೊಡಗಿತು. ಆದರೆ ಸ್ವರಕ್ಕೆ ಉಸಿರು ಬಂದಿತ್ತು. ಆ ರಾತ್ರಿ ಊಟದ ಹೊತ್ತಿನೊಳಗೆ ಹನ್ನೊಂದು ಧಾಟಿಗಳು ದಾಖಲಾದುವು. ನಡುನಡುವೆ ಮರೆತ ಸಾಲುಗಳಿಗಾಗಿ ಅವರು ನಿಂತಾಗ ಯಂತ್ರ ತಾನೂ ನಿಂತು ಕಾದಿತು.

ಮರುದಿನ ಬೆಳಿಗ್ಗೆ ಹಿರಿಯರೇ ಮಗನನ್ನು ಕರೆದರು. ರಾತ್ರಿಯೆಲ್ಲ ಏನನ್ನೋ ಯೋಚಿಸಿದಂತಿದ್ದಿತು.

“ತಮ್ಮಾ, ಆ ನೂರಾ ಹನ್ನೆರಡು ಹಚ್ಚು.”

ಮಗ ಶಹನಾಯಿಯನ್ನು ಆರಿಸಿದ. ಕೀಬೋರ್ಡಿನ ಎಡತುದಿಯಲ್ಲಿ ಒಂದು ಪುಟ್ಟ ಚಕ್ರವಿತ್ತು. ಅದೇನೆಂದು ಅವರು ಕೇಳಿದರು. ಸ್ವರವನ್ನು ಜಾರಿಸುವುದಕ್ಕೆ, ಪೂರ್ತಿ ತಿರುಗಿಸಿದರೆ ಎರಡು ಪಟ್ಟಿ ಮೇಲಕ್ಕೇರುತ್ತದೆ ಎಂದು ಮಗ ಹೇಳಿದ. ಹಿರಿಯರು ಅವನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಬಲಗೈಯಿಂದ ಮಧ್ಯಮವನ್ನು ಹಿಡಿದು, ಹಿಂದಿನ ದಿನ ಕೆಲಸವಿಲ್ಲದೆ ಗಾಳಿಯಲ್ಲಿ ಆಡುತ್ತಿದ್ದ ಎಡಗೈಯನ್ನು ಚಕ್ರದ ಮೇಲಿಟ್ಟು, ಮೆಲ್ಲಗೆ, ಬಹಳ ಮೆಲ್ಲಗೆ ಮುಂದಕ್ಕೆ ತಳ್ಳಿದರು. ಸ್ವರ ಮಧ್ಯಮದಿಂದ ಹೊರಟು ಎಲ್ಲಿಯೂ ಹಾರದೆ ಪಂಚಮಕ್ಕೆ ಹೋಗಿ ನಿಂತಿತು. ಮತ್ತೆ ಇಳಿಯಿತು. ಮತ್ತೆ ಏರಿತು. ಅವರು ಮಾತಾಡಲಿಲ್ಲ. ಅದೊಂದನ್ನೇ ಹತ್ತಿಪ್ಪತ್ತು ಸಲ ಮಾಡಿದರು.

ಶಹನಾಯಿಯ ದನಿ ಹೊರಗೆ ಓಣಿಯವರೆಗೂ ಹೋಗಿರಬೇಕು. ಪಕ್ಕದ ಮನೆಯ ಹುಡುಗಿ ಬಾಗಿಲಲ್ಲಿ ಬಂದು ನಿಂತು ಒಳಗೆ ಇಣಿಕಿದಳು.

“ಅಜ್ಜಾ, ಯಾರ ಮದಿವಿ?”